ಕಂಬಳಿಯ ಮೇಲಿಟ್ಟ ವೀಳ್ಯ

ಇಂಗ್ಲಿಷ್ ಪಾಠ ಮಾಡಿ ಹೊಟ್ಟೆ ಹೊರೆಯುವ ನನಗೆ ಒಂದು ಇಂಗ್ಲಿಷ್ ನಾಟಕ ಕಂಡರೆ ಮೈ ಉರಿಯುತ್ತದೆ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಯಾರಾದರೂ ಹುಡುಕಿಕೊಂಡು ಹೋಗಿ ಓದುತ್ತಾರೆ, ಆ ಪಾಪ ನನಗೇಕೆ? ನೂರಾರು ವರ್ಷ ಹಳೆಯದು, ದೊಡ್ಡವರು ಬರೆದದ್ದು, ಆದ್ದರಿಂದ ಸಿಲೆಬಸ್ಸಿನಲ್ಲಿ ಬೇರು ಬಿಟ್ಟು ಕೂತಿದೆ.

ಕಥೆ ಇಷ್ಟೇ. ಇಬ್ಬರು ಜೀವದ ಗೆಳೆಯರು. ಒಬ್ಬ ಒಂದು ಹುಡುಗಿಯನ್ನು ಪ್ರೀತಿಸುತ್ತಾನೆ, ಅವಳೂ ಅವನನ್ನು ಪ್ರೀತಿಸುತ್ತಾಳೆ. ಇನ್ನೊಬ್ಬನಿಗೆ ಊರಲ್ಲಿ ಬೇರೆ ಹುಡುಗಿ ಇದ್ದರೂ ಗೆಳೆಯನ ಹುಡುಗಿಯ ಮೇಲೇ ಕಣ್ಣು. ಚಾಡಿ ಹೇಳಿ ಗೆಳೆಯನನ್ನು ಊರು ಬಿಡಿಸುತ್ತಾನೆ, ಕಾಡಿನಲ್ಲಿ ಅವಳು ಒಬ್ಬಳೇ ಸಿಕ್ಕಾಗ ಮೈಮೇಲೆ ಕೈ ಹಾಕಲು ಹೋಗುತ್ತಾನೆ. ಅಷ್ಟರಲ್ಲಿ ಗೆಳೆಯ ಬರುತ್ತಾನೆ. ಸಿಕ್ಕಿಬಿದ್ದವನು ತಪ್ಪಾಯಿತು ಅನ್ನುತ್ತಾನೆ. ಆ ಒಂದು ಮಾತಿಗೆ ಕರಗಿ ನೀರಾದ ಗೆಳೆಯ, ಸ್ನೇಹ ದೊಡ್ಡದು ಅಂತ, ಆ ಹುಡುಗಿಯನ್ನೇ ಅವನಿಗೆ ಬಿಟ್ಟುಕೊಡಲು ಮುಂದಾಗುತ್ತಾನೆ. ಹುಡುಗಿ ಪಕ್ಕದಲ್ಲೇ ನಿಂತಿದ್ದಾಳೆ. ಅಲ್ಲಿಂದ ನಾಟಕ ಮುಗಿಯುವವರೆಗೆ ಅವಳಿಗೆ ಒಂದು ಮಾತೂ ಇಲ್ಲ. ಅದೇ ನಾಟಕದಲ್ಲಿ ಒಂದು ನಾಯಿ ಬರುತ್ತದೆ. ಅದಕ್ಕೂ ಮಾತಿಲ್ಲ. ಆದರೆ ಅದು ಕಾಲೆತ್ತಿಯಾದರೂ ತನ್ನ ಅಭಿಪ್ರಾಯ ತಿಳಿಸುತ್ತದೆ.

ಇಂಥ ನಾಟಕವನ್ನು ಕನ್ನಡಕ್ಕೆ ತರಬೇಕು ಅಂತ ನಮ್ಮ ಕಾಲೇಜಿನಲ್ಲಿ ಒಬ್ಬನಿಗೆ ಅನ್ನಿಸಿತು. ಹಾಗೆ ಅನ್ನಿಸಿದವನು ನಾನು ಮದುವೆಯಾಗಬೇಕೆಂದಿದ್ದ ಹುಡುಗ.

ಹಿರಿಯೂರಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ನಾನು, ಆ ಹುಡುಗ, ಅವನ ಜೀವದ ಗೆಳೆಯ, ಮೂವರೂ ಅತಿಥಿ ಉಪನ್ಯಾಸಕರಾಗಿದ್ದೆವು. ಅತಿಥಿ ಎಂದು ಕರೆಯುತ್ತಾರೆ, ಕಾಫಿ ಮಾತ್ರ ನಾವೇ ಹೋಗಿ ಕುಡಿದು ಬರಬೇಕು. ನಾನು ರಾಮಗಿರಿ ಕಡೆಯವಳು, ಇಂಗ್ಲಿಷ್. ಅವನು ಹೊಸದುರ್ಗದವನು, ಕನ್ನಡ. ಅವನನ್ನು ಹೊಸದುರ್ಗದವನು ಎಂದೇ ಕರೆಯುತ್ತೇನೆ. ಮೂರನೆಯವನು ಯಲ್ಲದಕೆರೆ ದಾಟಿ ಹೋದರೆ ಸಿಗುವ ಒಂದು ಹಟ್ಟಿಯವನು, ರಾಜ್ಯಶಾಸ್ತ್ರ ಹೇಳುತ್ತಿದ್ದ, ಎನ್ಎಸ್ಎಸ್ ನೋಡಿಕೊಳ್ಳುತ್ತಿದ್ದ. ಅವನು ಹಟ್ಟಿಯವನು. ಮೂವರೂ ಕುರಿ ಸಾಕಿದ ಮನೆಯವರೇ. ಹೊಸದುರ್ಗದವನ ಮನೆಯಲ್ಲಿ ಅವನಜ್ಜನ ಕಾಲಕ್ಕೇ ಕುರಿ ಮಾರಿ ತೆಂಗಿನ ತೋಟ ಮಾಡಿದ್ದರು. ಹಟ್ಟಿಯವನ ಅಪ್ಪನಿಗೆ ಈಗಲೂ ದೊಡ್ಡ ಮಂದೆ, ಹಟ್ಟಿಯಲ್ಲಿ ಅವನದೇ ಯಜಮಾನಿಕೆ.

ಈ ಇಬ್ಬರ ಸ್ನೇಹ ನೋಡಬೇಕಿತ್ತು. ಒಂದೇ ಬೈಕು, ಒಂದೇ ರೂಮು, ಒಂದೇ ಬಣ್ಣದ ಅಂಗಿ. ಒಬ್ಬನಿಗೆ ನೆಗಡಿಯಾದರೆ ಇನ್ನೊಬ್ಬ ಸೀನುತ್ತಿದ್ದ. ಫೋನಿನ ಸ್ಟೇಟಸ್ಸಿನಲ್ಲಿ ದಿನಾ ಬೆಳಗ್ಗೆ ಸ್ನೇಹದ ಬಗ್ಗೆ ಏನಾದರೊಂದು ಉಪದೇಶ ಹಾಕಿಕೊಳ್ಳುತ್ತಿದ್ದರು. ಹುಡುಗರು ಅದನ್ನು ನೋಡಿ ಆಹಾ ಎನ್ನುತ್ತಿದ್ದರು. ನಾನೂ ಎಂದಿದ್ದೆ. ಸ್ನೇಹಕ್ಕೆ ಇಷ್ಟು ಬೆಲೆ ಕೊಡುವವನು ಹೆಂಡತಿಗೂ ಕೊಟ್ಟಾನು ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಹೊಸದುರ್ಗದವನು ನನ್ನನ್ನು ಕೇಳಿದ್ದು ಮಾರಿಕಣಿವೆ ಡ್ಯಾಮಿನ ಮೇಲೆ. ಕೋಡಿ ಬಿದ್ದಿತ್ತು, ಜನವೋ ಜನ, ಎಲ್ಲರೂ ನೀರು ನೋಡುತ್ತಿದ್ದರು. ಅವನು ಮಾತ್ರ ನನ್ನ ಮುಖ ನೋಡಿಕೊಂಡು ಕೇಳಿದ. ನಾನು ಹೂಂ ಎಂದೆ. ಆ ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಸುಮ್ಮನೆ ನಗುತ್ತಾ ಬಂದೆ. ಅಷ್ಟು ಸಂತೋಷ ಆಮೇಲೆ ನನಗೆ ಆಗಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಅವನು ಆ ಸುದ್ದಿಯನ್ನು ಮೊದಲು ಹೇಳಿದ್ದು ತನ್ನ ಮನೆಯವರಿಗಲ್ಲ, ಹಟ್ಟಿಯವನಿಗೆ.

ಹಟ್ಟಿಯವನಿಗೆ ಅಲ್ಲಿಯವರೆಗೆ ನಾನು ಸ್ಟಾಫ್ ರೂಮಿನ ಒಂದು ಕುರ್ಚಿ. ಗೆಳೆಯನಿಗೆ ಬೇಕಾದವಳು ಎಂದು ಗೊತ್ತಾದ ಮರುದಿನದಿಂದ ಅವನಿಗೂ ನಾನು ಬೇಕಾದೆ. ಕೆಲವರು ಹೀಗೇ. ಹೋಟೆಲ್ಲಿಗೆ ಹೋದರೆ ಪಕ್ಕದವನ ತಟ್ಟೆ ನೋಡಿ ಆರ್ಡರ್ ಮಾಡುತ್ತಾರೆ. ಮೊದಮೊದಲು ಗುಡ್ ಮಾರ್ನಿಂಗ್ ಕಳಿಸುತ್ತಿದ್ದ. ಆಮೇಲೆ, ‘ಅವನಿಗೆ ತರೀಕೆರೆ ಕಡೆ ಹೆಣ್ಣು ನೋಡಿಟ್ಟವ್ರೆ, ನಿಮಗೆ ಹೇಳಿಲ್ವಾ?’ ಎಂದ. ವಿಚಾರಿಸಿದೆ. ಹೆಣ್ಣೂ ಇರಲಿಲ್ಲ, ತರೀಕೆರೆಯಲ್ಲಿ ಇವರಿಗೆ ನೆಂಟರೂ ಇರಲಿಲ್ಲ. ಆಮೇಲೊಂದು ದಿನ ಲೈಬ್ರರಿಯಲ್ಲಿ ದಾರಿಗೆ ಅಡ್ಡ ನಿಂತು ಕೈ ಹಿಡಿದ. ಬಿಡಿಸಿಕೊಂಡೆ. ನೇರವಾಗಿ ಹೋಗಿ ಹೊಸದುರ್ಗದವನಿಗೆ ಹೇಳಿದೆ.

ಅವನು ಹಲ್ಲು ಕಚ್ಚಿಕೊಂಡು ಹೋದ. ನನಗೆ ಹೆದರಿಕೆಯೇ ಆಯಿತು, ಎಲ್ಲಿ ಹೊಡೆದಾಡಿಕೊಳ್ಳುತ್ತಾರೋ ಎಂದು. ಒಂದು ಗಂಟೆಯ ನಂತರ ಹುಡುಕಿಕೊಂಡು ಹೋದರೆ, ಇಬ್ಬರೂ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು. ಹಟ್ಟಿಯವನ ಕಣ್ಣಲ್ಲಿ ನೀರು. ಅದು ಪಶ್ಚಾತ್ತಾಪದ್ದೋ ಮೆಣಸಿನಕಾಯಿಯದೋ ನನಗೆ ಆಗ ಗೊತ್ತಾಗಲಿಲ್ಲ. ಹೊಸದುರ್ಗದವನು ಅವನ ಬೆನ್ನು ಸವರುತ್ತಾ ನನ್ನ ಕಡೆ ನೋಡಿ, ‘ತಪ್ಪಾಯ್ತು ಅಂದ ಕಣೆ. ಪಾಪ, ಅವನಿಗೂ ಮನಸು ಐತಲ್ಲ’ ಎಂದ.

ಅವನ ಮನಸ್ಸಿಗೆ ಇಷ್ಟು ಮರುಗಿದವನು ನನ್ನ ಕೈಯನ್ನು ಒಂದು ಸಲ ನೋಡಲಿಲ್ಲ. ಆಗಲೇ ನನಗೆ ಅರ್ಥವಾಗಬೇಕಿತ್ತು ಎಂದು ನನ್ನ ಅಕ್ಕ ಹೇಳುತ್ತಾಳೆ. ಅವಳಿಗೆ ಎಲ್ಲವೂ ಆಗಲೇ ಅರ್ಥವಾಗಿರುತ್ತದೆ.

ಈ ರಾಜಿಯ ಖುಷಿಯಲ್ಲೇ ನಾಟಕ ಹುಟ್ಟಿದ್ದು. ಆ ವರ್ಷದ ಎನ್ಎಸ್ಎಸ್ ಶಿಬಿರ ಹಟ್ಟಿಯವನ ಊರಿನಲ್ಲಿ. ಸಮಾರೋಪದ ದಿನ ಮಧ್ಯಾಹ್ನ ಅಲ್ಲಿಯ ಶಾಲೆ ಮುಂದೆ ಏನಾದರೂ ಕಾರ್ಯಕ್ರಮ ಕೊಡಬೇಕಿತ್ತು. ಹೊಸದುರ್ಗದವನು ಅನುವಾದಕ್ಕೆ ಕೂತ. ಮೂಲದಲ್ಲಿ ಇನ್ನೊಬ್ಬ ಹುಡುಗಿ ಇದ್ದಾಳೆ, ಮೋಸ ಹೋದವಳು, ಗಂಡುವೇಷ ಹಾಕಿಕೊಂಡು ಬರುತ್ತಾಳೆ. ಪಾತ್ರಕ್ಕೆ ಯಾರೂ ಸಿಗಲಿಲ್ಲ ಎಂದು ಅವಳನ್ನು ಕಿತ್ತು ಹಾಕಿದ. ನಾಯಿಯನ್ನೂ ಕಿತ್ತು ಹಾಕಿದ. ಉಳಿದದ್ದು ಇಬ್ಬರು ಗೆಳೆಯರು, ಒಂದು ಹುಡುಗಿ, ಪುಟಗಟ್ಟಲೆ ಸ್ನೇಹ. ಬಿಟ್ಟುಕೊಡುವವನ ಪಾತ್ರ ಅವನದು, ಪಡೆದುಕೊಳ್ಳುವವನ ಪಾತ್ರ ಹಟ್ಟಿಯವನದು. ಹುಡುಗಿ ನಾನು. ‘ನಮ್ಮ ಮೂವರದೇ ಕಥೆ ಇದ್ದಂಗೈತೆ, ಅಲ್ವಾ?’ ಎಂದು ಕೇಳಿದ, ಹೆಮ್ಮೆಯಿಂದ. ಇದರಲ್ಲಿ ಹೆಮ್ಮೆಪಡುವಂಥದ್ದು ಏನಿದೆ ಎಂದು ನನಗೆ ಹೊಳೆಯಲಿಲ್ಲ.

ಕೊನೆಯ ದೃಶ್ಯಕ್ಕೆ ಅವನೊಂದು ಮಣ್ಣಿನ ವಾಸನೆ ಕೊಟ್ಟ. ಅದು ಅವನದೇ ಮಾತು, ಮಣ್ಣಿನ ವಾಸನೆ. ನಮ್ಮ ಕಡೆ ಕುರಿಯವರ ಮನೆಗಳಲ್ಲಿ ಮದುವೆ ಮಾತುಕತೆಗೆ ಕರಿ ಕಂಬಳಿ ಹಾಸುತ್ತಾರೆ. ಎರಡೂ ಕಡೆಯ ಹಿರಿಯರು ಎದುರುಬದುರು ಕೂರುತ್ತಾರೆ. ಎರಡೂ ಮನೆಗೆ ಬೇಕಾದ ಒಬ್ಬ ಮಧ್ಯಸ್ಥ ಕಂಬಳಿಯ ಮೇಲೆ ಎಲೆ ಅಡಿಕೆ ಇಡುತ್ತಾನೆ. ಹೆಣ್ಣಿನ ಅಪ್ಪ ಅದನ್ನು ಎತ್ತಿಕೊಂಡರೆ ಮಾತು ಮುಗಿಯಿತು, ಆಮೇಲೆ ಹಿಂದೆಗೆಯುವಂತಿಲ್ಲ. ಇದನ್ನೇ ನಾಟಕದಲ್ಲಿ ತಂದ. ಅವನು ಕಂಬಳಿಯ ಮೇಲೆ ವೀಳ್ಯ ಇಡುವುದು, ಗೆಳೆಯ ಕಣ್ಣೀರು ಹಾಕುತ್ತಾ ಎತ್ತಿಕೊಳ್ಳುವುದು, ಪರದೆ.

‘ಕಂಬಳಿ ಹಾಸಿ ಆಟ ಆಡಬಾರದು, ಒಂದು ಬೆಡ್‌ಶೀಟ್ ಹಾಸು’ ಎಂದೆ.

‘ಅಥೆಂಟಿಕ್ ಆಗಿರ್ಲಿ ಬಿಡು. ನನ್ನ ದೋಸ್ತನ ಅಪ್ಪನ ಹತ್ರನೇ ತರಸ್ತೀನಿ. ಮಾತುಕತೆಗೆ ಹಾಸೋ ಕಂಬಳಿನೇ ಬೇಕು.’

ಕಂಬಳಿಯ ಮೇಲೆ ಒಂದು ದಿನವೂ ಮಲಗದವನಿಗೆ ಕಂಬಳಿಯ ಮೇಲೆ ಎಲ್ಲಿಲ್ಲದ ಪ್ರೀತಿ.

ನನಗೆ ಆ ದಿನ ಮುಖ್ಯವಾಗಿದ್ದದ್ದು ನಾಟಕವಲ್ಲ. ನಾಟಕ ಮುಗಿದ ಮೇಲೆ ನಿಮ್ಮಪ್ಪನ ಹತ್ತಿರ ಮಾತಾಡುತ್ತೇನೆ ಎಂದು ಹೊಸದುರ್ಗದವನು ಮಾತು ಕೊಟ್ಟಿದ್ದ. ವರ್ಷದಿಂದ ಇವತ್ತು ನಾಳೆ ಎನ್ನುತ್ತಿದ್ದವನು. ಮನೆಯಲ್ಲಿ ನನಗೆ ಗಂಡು ನೋಡುವುದು ಶುರುವಾಗಿತ್ತು, ಇನ್ನು ತಡೆಯಲು ನನ್ನಿಂದ ಆಗುತ್ತಿರಲಿಲ್ಲ. ಅಪ್ಪನಿಗೆ ಫೋನಿನಲ್ಲಿ, ‘ನಮ್ಮ ಕಾಲೇಜಿನೋರು ಒಬ್ರು ನನ್ನ ವಿಷಯ ನಿನ್ನ ಹತ್ರ ಮಾತಾಡ್ತಾರೆ, ನಮ್ಮೋರೇ, ಬಾರಪ್ಪ’ ಎಂದಷ್ಟೇ ಹೇಳಿದೆ. ಯಾರು, ಏನು ಎಂದು ಅಪ್ಪನೂ ಕೇಳಲಿಲ್ಲ. ಮಗಳ ಬಾಯಿಂದ ಅಂಥ ಮಾತು ಬಿಡಿಸಿ ಕೇಳುವವನಲ್ಲ ಅವನು. ಬೆಳಗಿನ ಬಸ್ಸಿಗೇ ರಾಮಗಿರಿ ಬಿಟ್ಟು, ಹೊಳಲ್ಕೆರೆಯಲ್ಲಿ ಇಳಿದು, ಚಿತ್ರದುರ್ಗದಲ್ಲಿ ಬಸ್ಸು ಬದಲಾಯಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಎಲ್ಲಿ ಮುದುಡೀತೋ ಎಂದು ಸೀಟಿಗೆ ಒರಗದೆ ಕೂತು ಬಂದಿದ್ದ.

ಶಾಮಿಯಾನದ ಕೆಳಗೆ ಮುಂದಿನ ಸಾಲಿನಲ್ಲಿ ಅಪ್ಪನನ್ನು ಹಟ್ಟಿಯವನ ಅಪ್ಪ, ಅಂದರೆ ಯಜಮಾನರು, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ‘ಬರ್ರಿ, ಇಲ್ಲಿ ಕುಂತ್ಕಳ್ರಿ. ನಿಮ್ಮ ಬೆಡಗು ಯಾವುದು?’ ಎಂದು ಮೊದಲನೇ ಮಾತಿಗೇ ಕುಲದ ಬಳ್ಳಿ ವಿಚಾರಿಸಿದರು. ಅಪ್ಪ ಹೇಳಿದ. ಯಜಮಾನರು ತಲೆದೂಗಿ, ‘ಆಗ್ತೈತೆ, ಆಗ್ತೈತೆ’ ಎಂದರು. ಏನು ಆಗುತ್ತದೆ ಎಂದು ಮೇಕಪ್ಪು ಮಾಡಿಕೊಳ್ಳುತ್ತಿದ್ದ ನನಗೆ ತಿಳಿಯಲಿಲ್ಲ. ಹಿಂದಿನ ದಿನ ಮಗ ಅಪ್ಪನ ಕಿವಿಯಲ್ಲಿ ಏನು ಊದಿದ್ದ ಎಂಬುದು ಆಮೇಲೆ ತಿಳಿಯಿತು. ನನ್ನ ಹೆಣ್ಣಿನ ಕಡೆಯೋರು ನಾಳೆ ಬರ್ತಾರೆ, ನಮ್ಮ ದೋಸ್ತನೇ ವೀಳ್ಯ ಇಡ್ತಾನೆ ಎಂದಿದ್ದನಂತೆ. ಮಂಡಕ್ಕಿ ಅಂಗಡಿಯಲ್ಲಿ ಅತ್ತದ್ದು ಖಂಡಿತ ಮೆಣಸಿನಕಾಯಿಗೇ.

ನಾಟಕದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಹೊಸದುರ್ಗದವನು ಪ್ರತಿ ಮಾತಿಗೂ ಎದೆ ಮುಟ್ಟಿಕೊಳ್ಳುತ್ತಿದ್ದ. ನಡುನಡುವೆ ಹಟ್ಟಿಯವನ ಚಿಕ್ಕಪ್ಪ, ದೊಡ್ಡಪ್ಪ, ಭಾವಂದಿರು ಎಲ್ಲ ವೇದಿಕೆ ಹತ್ತಿ ಅವನಿಗೆ ಹಾರ ಹಾಕುತ್ತಿದ್ದರು. ನಮ್ಮೂರುಗಳ ನಾಟಕದಲ್ಲಿ ಇದೊಂದು ರೋಗ. ಕಾಡಿನಲ್ಲಿ ಅವನು ನನ್ನ ಕೈ ಎಳೆಯುವ ಹೊತ್ತಿಗೂ ಒಂದು ಹಾರ ಬಿತ್ತು. ಹೆಣ್ಣಿನ ಮೇಲೆ ಕೈ ಮಾಡಿದ್ದಕ್ಕೆ ಸನ್ಮಾನ. ಮೈಕಿನಲ್ಲಿ ಹಾರ ಹಾಕಿದವರ ಹೆಸರು ಕೂಗುವವರೆಗೂ ಅವನು ನನ್ನ ಕೈ ಬಿಡದೆ ನಿಂತಿದ್ದ. ರಿಹರ್ಸಲ್ಲಿನಲ್ಲಿ ಹಿಡಿದದ್ದಕ್ಕಿಂತ ಬಿಗಿಯಾಗಿ.

ಕೊನೆಯ ದೃಶ್ಯ ಬಂತು. ಹೊಸದುರ್ಗದವನು ಕಂಬಳಿ ಹಾಸಿದ. ಅದು ಬಿಚ್ಚಿಕೊಳ್ಳುತ್ತಿದ್ದಂತೆ ಶಾಮಿಯಾನದ ಕೆಳಗೆ ಗಲಾಟೆ ನಿಂತಿತು. ಗಂಡಸರು ಕಾಲ ಮೇಲಿನ ಕಾಲು ತೆಗೆದರು. ಒಬ್ಬ ಮುದುಕ ಚಪ್ಪಲಿ ಬಿಟ್ಟ. ಇವನಿಗೆ ಅದು ತನ್ನ ಅಭಿನಯದ ಪ್ರಭಾವ ಅನ್ನಿಸಿರಬೇಕು, ಇನ್ನಷ್ಟು ಗಂಭೀರನಾಗಿ ವೀಳ್ಯ ಇಟ್ಟ. ಹಟ್ಟಿಯವನು ಬಗ್ಗಿ ಕೈ ಚಾಚಿದ.

ಯಜಮಾನರು ಎದ್ದರು. ‘ನಿಂದ್ರಪ್ಪಾ. ಗಂಡು ಎತ್ತಂಗಿಲ್ಲ. ಹೆಣ್ಣಿನ ಅಪ್ಪ ಎತ್ತಬೇಕು. ಇಲ್ಲೇ ಅದಾರಲ್ಲ.’ ನನ್ನ ಅಪ್ಪನ ಕಡೆ ತಿರುಗಿ, ‘ಏಳ್ರಿ, ಬೆಡಗು ಕೂಡ್ತು. ನಮ್ಮ ಹುಡುಗ ಕಣ್ಣ ಮುಂದೆ ಅವ್ನೆ, ಎತ್ಕಳ್ರಿ’ ಎಂದರು.

ಅಪ್ಪ ಎದ್ದ. ಅವನನ್ನು ಬೈಯಲು ನನಗೆ ಬಾಯಿಲ್ಲ. ಯಾರೋ ಒಬ್ಬರು ನನ್ನ ವಿಷಯ ಮಾತಾಡುತ್ತಾರೆ ಎಂದು ನಾನೇ ಕರೆಸಿದ್ದೆ. ಇಲ್ಲಿ ನೋಡಿದರೆ ಕಾಲೇಜಿನವನೊಬ್ಬ ಕಂಬಳಿ ಹಾಸಿ, ಹಿರಿಯರ ಮುಂದೆ, ವೀಳ್ಯವನ್ನೂ ಇಟ್ಟ. ಹೊಸದುರ್ಗದವನು ಮಧ್ಯಸ್ಥ, ಹಟ್ಟಿಯವನು ಗಂಡು. ಕಣ್ಣಿಗೆ ಕಂಡದ್ದು ಅದೇ ತಾನೆ? ಅಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಅಂಜುತ್ತಾ, ಒಳಗೊಳಗೇ ಸಂತೋಷಪಡುತ್ತಾ, ವೇದಿಕೆಯ ಮೆಟ್ಟಿಲು ಹತ್ತಿದ.

ನಾನು ಹೊಸದುರ್ಗದವನ ಮುಖ ನೋಡಿದೆ. ಅವನು ಆಗ ಆಡಬೇಕಿದ್ದದ್ದು ಒಂದೇ ಒಂದು ಮಾತು. ಯಜಮಾನ್ರೇ, ಇದು ನಾಟಕ, ಈ ಹುಡುಗಿಯನ್ನು ಕೇಳಬೇಕೆಂದಿರೋನು ನಾನು. ಮೈಕು ಅವನ ಬಾಯ ಮುಂದೆಯೇ ಇತ್ತು. ಅವನು ಗೆಳೆಯನ ಕಡೆ ನೋಡಿದ. ಹಟ್ಟಿಯವನು ಎರಡೂ ಕೈ ಜೋಡಿಸಿ ತಲೆ ಬಗ್ಗಿಸಿದ. ಹೊಸದುರ್ಗದವನ ಕಣ್ಣು ತುಂಬಿ ಬಂತು. ನನ್ನಾಣೆ, ತುಂಬಿ ಬಂತು. ಎಂಥ ತ್ಯಾಗಕ್ಕೆ ತಾನು ಸಮರ್ಥ ಎಂದು ಅವನಿಗೆ ಆ ಕ್ಷಣದಲ್ಲೇ ಗೊತ್ತಾದಂತಿತ್ತು. ಮೈಕಿನಲ್ಲಿ, ‘ದೊಡ್ಡೋರು ಹೆಂಗೆ ಹೇಳ್ತಾರೋ ಹಂಗೆ’ ಎಂದ.

ಜನ ಚಪ್ಪಾಳೆ ತಟ್ಟಿದರು. ನನಗೆ ಭಯವಾಗಲಿಲ್ಲ, ಅಸಹ್ಯವಾಯಿತು. ಇವನಿಗಾಗಿ ನಾನು ಮನೆಯಲ್ಲಿ ಎಷ್ಟು ಸುಳ್ಳು ಹೇಳಿದ್ದೆ! ಅಪ್ಪನ ಕೈ ಇನ್ನೇನು ಎಲೆ ಮುಟ್ಟಬೇಕು, ನಾನು ಹೋಗಿ ಕಂಬಳಿಯ ಮೇಲೆ ಕೂತೆ. ಹೆಣ್ಣು ಅದರ ಮೇಲೆ ಕೂರುವಂತಿಲ್ಲ. ವೀಳ್ಯ ಎತ್ತಿಕೊಂಡು, ಅಡಿಕೆ ಒಳಗಿಟ್ಟು ಎಲೆ ಮಡಚಿ, ಬಾಯಿಗೆ ಹಾಕಿಕೊಂಡು ಜಗಿಯತೊಡಗಿದೆ. ಸುಣ್ಣ ಇರಲಿಲ್ಲ, ಎಲೆ ಖಾರ, ಅಡಿಕೆ ಕಲ್ಲು. ಆದರೂ ಜಗಿದೆ.

ಹೀಗೆ ಯಾರೂ ಯಾವತ್ತೂ ಮಾಡಿರಲಿಲ್ಲವಾದ್ದರಿಂದ ಇದಕ್ಕೆ ಕಟ್ಟಳೆಯೇ ಇರಲಿಲ್ಲ. ಹಿಂದಿನಿಂದ ಒಬ್ಬ, ‘ಹೆಣ್ಣೇ ತಿಂದ್ಲು ಅಂದ್ರೆ ಒಪ್ಪಿದಂಗಲ್ವೇನ್ರೋ?’ ಎಂದ. ಯಜಮಾನರೂ ಅದನ್ನೇ ಯೋಚಿಸುತ್ತಿದ್ದವರು, ‘ಏನವ್ವಾ, ಒಪ್ಪಿದ್ಯಾ?’ ಎಂದು ಕೇಳಿದರು. ಅಲ್ಲಿ ಸೇರಿದ್ದ ಗಂಡಸರಲ್ಲಿ ನನ್ನನ್ನು ಏನಾದರೂ ಕೇಳಿದವರು ಆ ಮುದುಕರು ಒಬ್ಬರೇ.

‘ಇಲ್ಲ ಯಜಮಾನ್ರೇ’ ಎಂದೆ. ‘ಹಸಿವಾಗಿತ್ತು, ಅದಕ್ಕೆ ತಿಂದೆ. ಅಪ್ಪಾ, ಹೋಗಾಣ ನಡಿ.’

ಪರದೆ ಎಳೆಯುವ ಹುಡುಗರು ಬಾಯಿ ಬಿಟ್ಟುಕೊಂಡು ನಿಂತಿದ್ದರು. ನಾವೇ ಮೆಟ್ಟಿಲಿಳಿದು ಬಂದೆವು.

ಬಸ್ಸಿನಲ್ಲಿ ಹಿರಿಯೂರು ದಾಟುವವರೆಗೂ ಅಪ್ಪ ಟವೆಲಿನ ಅಂಚು ಮಡಚುತ್ತಾ ಕೂತಿದ್ದ. ಆಮೇಲೆ ಮೆಲ್ಲಗೆ, ‘ಆ ಹುಡುಗ ನಿನಗೆ ಬ್ಯಾಡ ಅಂದ್ರೆ ನಮಗೂ ಬ್ಯಾಡ ಬಿಡವ್ವ. ಆದ್ರೆ ಮಧ್ಯಸ್ಥ ಹುಡುಗ ಒಳ್ಳೇನು ಕಣೆ. ದೋಸ್ತನ ಕೆಲಸ ಅಂತ ಕಣ್ಣಾಗೆ ನೀರು ಹಾಕ್ಕಂಡ’ ಎಂದ.

‘ನಿನ್ನ ಹತ್ರ ಮಾತಾಡ್ತೀನಿ ಅಂದಿದ್ದೋನು ಅವನೇ ಅಪ್ಪ.’

ಅಪ್ಪ ನನ್ನನ್ನು ನೋಡಿದ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡು, ದುರ್ಗದ ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಕಾಣಿಸುವವರೆಗೂ ಹಾಗೆಯೇ ಕೂತ. ನಾನು ಆಗ ಅತ್ತೆ. ಅವನು ಹೋದನಲ್ಲ ಎಂದಲ್ಲ. ನನ್ನಪ್ಪ ಅಷ್ಟು ದೂರ, ಅಷ್ಟು ಬೆಳ್ಳಗಿನ ಅಂಗಿ ಹಾಕಿಕೊಂಡು, ಇಂಥವನ ಮಾತಿಗೆ ಬಂದನಲ್ಲ ಎಂದು.

ಒಂದು ವಾರ ರಜೆ ಹಾಕಿ ಕಾಲೇಜಿಗೆ ಮರಳಿದೆ. ಹಟ್ಟಿಯವನು ನನ್ನ ಜೊತೆ ಮಾತು ಬಿಟ್ಟಿದ್ದ. ನಾನು ಅವರ ಮನೆ ಮರ್ಯಾದೆ ತೆಗೆದೆನಂತೆ. ಹೊಸದುರ್ಗದವನೂ ಕೆಲವು ದಿನ ಕಾಣಿಸಿಕೊಳ್ಳಲಿಲ್ಲ. ಅವನು ನಾಚಿಕೆಯಿಂದ ಮುಖ ಮರೆಸಿಕೊಂಡಿದ್ದಾನೆ ಎಂದುಕೊಂಡಿದ್ದೆ. ಅಷ್ಟು ಒಳ್ಳೆಯ ಯೋಚನೆ ಅವನ ಬಗ್ಗೆ ಇನ್ನೂ ನನ್ನಲ್ಲಿ ಉಳಿದಿತ್ತು. ಒಂದು ಮಧ್ಯಾಹ್ನ ಕ್ಲಾಸು ಮುಗಿಸಿ ಬರುವಾಗ ಕಾರಿಡಾರಿನಲ್ಲಿ ಸಿಕ್ಕಿದ. ಮುಖ ಅರಳಿತ್ತು. ಕ್ಷಮೆ ಕೇಳುತ್ತಾನೆ ಎಂದು ನಿಂತೆ. ಕೇಳಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಪ್ರೀತಿಸಿದ್ದೆ ಅವನನ್ನು. ಅದನ್ನು ಬಿಟ್ಟು ಬರೆದರೆ ಇಲ್ಲಿ ಬರೆದ ಬೈಗುಳಕ್ಕೆಲ್ಲ ಅರ್ಥವಿಲ್ಲ.

‘ಎಲ್ಲ ಸರಿಹೋಯ್ತು ಕಣೆ’ ಎಂದ. ‘ಅವನ ಹತ್ರ ಕೂತು ಎಲ್ಲ ಮಾತಾಡಿದೆ. ಅವನು ದೊಡ್ಡ ಮನಸು ಮಾಡಿದ. ನಿನ್ನ ನನಗೇ ಬಿಟ್ಟುಕೊಟ್ಟ.’

ಅವನ ಹಿಂದೆ, ಗೇಟಿನ ಹತ್ತಿರ, ಹಟ್ಟಿಯವನು ಬೈಕ್ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದ. ನನ್ನನ್ನು ನೋಡಿ, ಆಗಲಿ ಎನ್ನುವಂತೆ ಒಂದು ಕೈ ಎತ್ತಿದ.

‘ನಿನಗೋಸ್ಕರ ಕಾಯ್ತಾ ಅವ್ನೆ, ಹೋಗು’ ಎಂದೆ.

ಅವನು ತಿರುಗಿ ನೋಡಿದ. ನಿಜವಾಗಿಯೂ ಕಾಯಿಸಬಾರದು ಎಂದು ಅನ್ನಿಸಿತೇನೋ, ಆಮೇಲೆ ಸಿಗ್ತೀನಿ ಎಂದು ನನಗೆ ಹೇಳಿ ಗೇಟಿನ ಕಡೆ ಓಡಿದ.